ಕಡಲು ದಾಟಿದರೂ ಸಾಲ ಸಾಲವೇ

ಐರ್ಲೆಂಡಿನಲ್ಲಿ ನೆಲೆಸಿರುವ ಕನ್ನಡದ ಬಂಧುಗಳೇ,

ಊರಿಗೆ ಮರಳುವವರ ಮನೆಯಲ್ಲಿ ಸಾಮಾನು ಕಟ್ಟುವ ಹೊತ್ತಿಗೆ ಒಂದು ಸಲಹೆ ಬಂದೇ ಬರುತ್ತದೆ. ಲೂಕನ್‌ನಲ್ಲೋ ಬ್ಲಾಂಚರ್ಡ್ಸ್‌ಟೌನ್‌ನಲ್ಲೋ ಬಾಡಿಗೆ ಮನೆ ಖಾಲಿಯಾಗುತ್ತಿರುತ್ತದೆ. ರೈಸ್ ಕುಕ್ಕರ್, ಮಗುವಿನ ತಳ್ಳುಗಾಡಿ, ಹಳೆಯ ಟೊಯೊಟಾ ಕಾರು ಎಲ್ಲದರ ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಿ ಗಿರಾಕಿಗಳು ಸಿಕ್ಕಿರುತ್ತಾರೆ. ಆಗ ಯಾರೋ ಒಬ್ಬರು ಹೇಳುತ್ತಾರೆ: “ಕ್ರೆಡಿಟ್ ಕಾರ್ಡ್ ಬಾಕಿ ಬಗ್ಗೆ ತಲೆ ಕೆಡಿಸ್ಕೋಬೇಡ ಮಾರಾಯಾ. ಫ್ಲೈಟ್ ಹತ್ತಿದ ಮೇಲೆ ಯಾರು ಕೇಳ್ತಾರೆ? ಇಲ್ಲಿನ ಬ್ಯಾಂಕಿನವರು ಹಾಸನಕ್ಕೆ ಬಂದು ಬಾಗಿಲು ತಟ್ತಾರಾ?”

ಆ ಮಾತಿಗೆ ಉತ್ತರವಾಗಿ ಈ ಬರಹ. ಹಾಗೆ ಹೇಳುವವರು ಕೆಟ್ಟವರೇನಲ್ಲ. ನಡುರಾತ್ರಿ ವಿಮಾನ ನಿಲ್ದಾಣಕ್ಕೆ ಬಂದು ಕರೆದುಕೊಂಡು ಹೋದವರು, ಜ್ವರ ಬಂದಾಗ ಡಬ್ಬಿಯಲ್ಲಿ ತಿಳಿಸಾರು ಕಳಿಸಿದವರು ಅವರೇ ಆಗಿರುತ್ತಾರೆ. ನಮ್ಮವರ ಬಾಯಿಂದ, ಕಾಳಜಿಯ ದನಿಯಲ್ಲಿ ಬರುವುದರಿಂದಲೇ ಆ ಮಾತು ಅಷ್ಟು ಸಲೀಸಾಗಿ ಮನಸ್ಸಿಗಿಳಿಯುತ್ತದೆ.

ಒಪ್ಪಬೇಕಾದ್ದನ್ನು ಮೊದಲು ಒಪ್ಪಿಕೊಳ್ಳೋಣ. ಕಾನೂನಿನ ಲೆಕ್ಕದಲ್ಲಿ ಆ ಸಲಹೆ ಬಹುಪಾಲು ಸರಿ. ಕಾರ್ಡ್ ಬಾಕಿ ಇದೆ ಎಂದು ಡಬ್ಲಿನ್ ವಿಮಾನ ನಿಲ್ದಾಣದಲ್ಲಿ ಯಾರೂ ತಡೆಯುವುದಿಲ್ಲ. ಬ್ಯಾಂಕು ಇಲ್ಲಿನ ಕೋರ್ಟಿನಲ್ಲಿ ಗೆದ್ದರೂ ಆ ತೀರ್ಪನ್ನು ಭಾರತದಲ್ಲಿ ನೇರವಾಗಿ ಜಾರಿ ಮಾಡಿಸಲು ಬರುವುದಿಲ್ಲ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಭಾರತ ಸರ್ಕಾರ ಗುರುತಿಸಿರುವ ದೇಶಗಳ ಪಟ್ಟಿಯಲ್ಲಿ ಬ್ರಿಟನ್, ಸಿಂಗಪುರ, ಯುಎಇ ಇವೆ; ಐರ್ಲೆಂಡ್ ಇಲ್ಲ. ಹಾಗಾಗಿ ಬ್ಯಾಂಕು ಭಾರತದಲ್ಲಿ ಹೊಸದಾಗಿ ದಾವೆ ಹೂಡಬೇಕು. ನಾಲ್ಕೈದು ಸಾವಿರ ಯೂರೋ ವಸೂಲಿಗೆ ಅಷ್ಟು ದೂರದ ವ್ಯಾಜ್ಯಕ್ಕೆ ಕೈಹಾಕುವುದು ಯಾರಿಗೂ ಗಿಟ್ಟುವುದಿಲ್ಲ. ಐರ್ಲೆಂಡಿನ 1957ರ ಕಾಲಮಿತಿ ಕಾಯ್ದೆಯಂತೆ ಆರು ವರ್ಷದೊಳಗೆ ದಾವೆ ಹೂಡದಿದ್ದರೆ ಇಲ್ಲಿನ ಕೋರ್ಟಿನ ದಾರಿಯೂ ಮುಚ್ಚಿಹೋಗುತ್ತದೆ.

ಇಷ್ಟೂ ನಿಜ. ಇಷ್ಟು ನಿಜವಿದ್ದೂ ಆ ಸಾಲವನ್ನು ತೀರಿಸಲೇಬೇಕು ಎನ್ನುತ್ತೇನೆ.

ನಮ್ಮಲ್ಲಿ ಬಹಳ ಮಂದಿ ಈ ದೇಶಕ್ಕೆ ಬಂದದ್ದೇ ಸಾಲದ ಬಲದಿಂದ. ದಾವಣಗೆರೆಯದೋ ಧಾರವಾಡದ್ದೋ ಬ್ಯಾಂಕ್ ಶಾಖೆಯಲ್ಲಿ ಅಪ್ಪ ಶಿಕ್ಷಣ ಸಾಲದ ಕಾಗದಕ್ಕೆ ಸಹಿ ಹಾಕಿದ್ದಾರೆ. ಮನೆಯ ಪತ್ರ ಬ್ಯಾಂಕಿನ ಬೀರುವಿನಲ್ಲಿದೆ. ವಿದ್ಯಾರ್ಥಿಗಳಿಗೆ ಸಿಗುವ ಸ್ಟಾಂಪ್ 2 ಅನುಮತಿಯಲ್ಲಿ ಕಾಲೇಜು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯಲು ಬಿಡದಿದ್ದರೂ, ಅಂಗಡಿಯಲ್ಲಿ, ಹೋಟೆಲಿನ ಅಡುಗೆಮನೆಯಲ್ಲಿ ನಿಂತು ದುಡಿದ ಹಣದಲ್ಲೇ ಉಳಿಸಿ ನಮ್ಮ ಮಕ್ಕಳು ಆ ಸಾಲದ ಬಡ್ಡಿ ಕಟ್ಟುತ್ತಾರೆ. ಒಂದು ಕಂತು ತಪ್ಪಿದರೆ ನಿದ್ದೆ ಬರುವುದಿಲ್ಲ, ಏಕೆಂದರೆ ತಪ್ಪಿದರೆ ಬ್ಯಾಂಕಿನವರು ಹೋಗುವುದು ಅಪ್ಪನ ಬಳಿಗೆ. ಅದೇ ಮಕ್ಕಳಿಗೆ ಡಬ್ಲಿನ್ನಿನ ಕಾರ್ಡ್ ಸಾಲವನ್ನು ಹಾಗೇ ಬಿಟ್ಟು ಹೊರಡುವಾಗ ಅಳುಕಾಗುವುದಿಲ್ಲ. ಆ ಸಾಲಕ್ಕೆ ಯಾರೂ ಜಾಮೀನು ನಿಂತಿಲ್ಲ, ಏನನ್ನೂ ಅಡವಿಟ್ಟಿಲ್ಲ.

ಆದರೆ ಕಾರ್ಡಿಗೂ ಒಂದು ಜಾಮೀನು ಇದೆ. ಅದು ನಮ್ಮ ಮಾತು. ಈ ದೇಶದಲ್ಲಿ ನಮ್ಮ ಹಿಂದುಮುಂದು ಗೊತ್ತಿಲ್ಲದವರು, ನಮ್ಮ ಊರಿನ ಹೆಸರು ಹೇಳಲೂ ಬಾರದವರು, ನಾಲ್ಕು ಕಾಗದ ನೋಡಿ ಒಂದು ಸಹಿಯ ಮೇಲೆ ಸಾವಿರಾರು ಯೂರೋ ಕೊಟ್ಟರು. ತೀರಿಸುತ್ತೇನೆ ಎಂದು ನಾವು ಬರೆದುಕೊಟ್ಟೆವು. ಅಪ್ಪನ ಮನೆ ಅಡವಿದ್ದರೆ ತೀರಿಸುವುದು, ನಮ್ಮ ಮಾತೊಂದೇ ಅಡವಿದ್ದರೆ ಬಿಡುವುದು ಎಂದಾದರೆ, ನಮ್ಮ ಮಾತಿಗೆ ನಾವೇ ಕಟ್ಟಿದ ಬೆಲೆ ಎಷ್ಟು?

ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಗಂಡ ಮಾರಯ್ಯ ಬೀದಿಯಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸಲಿಲ್ಲ. ತಂದಲ್ಲಿಯೇ ಸುರಿದು ಬಾ ಎಂದು ಕಳಿಸಿದಳು. ನೆಲಕ್ಕೆ ಬಿದ್ದ ಆ ಅಕ್ಕಿಯನ್ನು ಎಣಿಸಿಟ್ಟವರು ಯಾರೂ ಇರಲಿಲ್ಲ. ವಾಪಸು ಕೊಡು ಎಂದು ಬಾಗಿಲಿಗೆ ಬರುವವರೂ ಇರಲಿಲ್ಲ. ಕೇಳುವವರಿಲ್ಲದ ಕಡೆ ನಡೆದುಕೊಂಡ ರೀತಿಗಾಗಿಯೇ ಎಂಟುನೂರು ವರ್ಷ ದಾಟಿದರೂ ನಾವು ಆ ಬಡ ಹೆಣ್ಣುಮಗಳ ಹೆಸರು ಹೇಳುತ್ತಿದ್ದೇವೆ. ಬಸವ ಜಯಂತಿಯ ದಿನ ಇಲ್ಲಿನ ಸಭಾಂಗಣಗಳಲ್ಲಿ ಶರಣರನ್ನು ನೆನೆಯುವ ನಾವು, ಮರುದಿನ ಬ್ಯಾಂಕಿನ ಬಾಕಿಯ ವಿಚಾರದಲ್ಲೂ ಅವರನ್ನು ನೆನೆಯಬೇಡವೇ?

“ಬ್ಯಾಂಕಿನ ದುಡ್ಡು ತಾನೆ” ಎಂಬ ಸಮಾಧಾನ ಕನ್ನಡಿಗರ ಬಾಯಲ್ಲಿ ಬರಬಾರದು. ಬ್ಯಾಂಕಿನ ದುಡ್ಡು ಯಾರ ದುಡ್ಡು ಎಂಬುದನ್ನು ನಮ್ಮ ನಾಡು ಬೇಗ ಅರಿತಿತ್ತು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಕೂಡಿಸಿದರು. ಮೀನು ಮಾರುವವಳ, ಬೀಡಿ ಕಟ್ಟುವವಳ, ಸಣ್ಣ ಅಂಗಡಿಯವನ ಚಿಲ್ಲರೆ ಸೇರಿ ಇನ್ನೊಬ್ಬರಿಗೆ ಸಾಲವಾಗುತ್ತಿತ್ತು. ಆ ಪಿಗ್ಮಿ ಪುಸ್ತಕ ನಮ್ಮ ಅಜ್ಜಿಯರ ಕಾಲದಲ್ಲಿ ಎಷ್ಟೋ ಮನೆಗಳ ಗೋಡೆಯ ಗೂಡಿನಲ್ಲಿ ಇರುತ್ತಿತ್ತು.

ಐರ್ಲೆಂಡ್ ಕೂಡ ಇದೇ ದಾರಿಯಲ್ಲಿ ನಡೆದ ನಾಡು. ಬಡ್ಡಿ ವ್ಯಾಪಾರಿಗಳ ಕೈಯಲ್ಲಿ ನಲುಗುತ್ತಿದ್ದ ಬಡ ಕುಟುಂಬಗಳನ್ನು ಕಂಡು ಡಬ್ಲಿನ್ನಿನ ಶಾಲಾ ಶಿಕ್ಷಕಿ, ಕಾರ್ಕ್ ಸೀಮೆಯ ಬ್ಯಾಲಿಡೆಸ್ಮಂಡ್‌ನವರಾದ ನೋರಾ ಹರ್ಲಿಹಿ, ಸಂಗಡಿಗರೊಂದಿಗೆ ಕ್ರೆಡಿಟ್ ಯೂನಿಯನ್ ಚಳವಳಿ ಕಟ್ಟಿದರು. 1958ರಲ್ಲಿ ಮೊದಲ ಸಂಘಗಳು ಶುರುವಾದವು. ಇಂದು ಇಲ್ಲಿನ ಸಣ್ಣ ಪೇಟೆಗಳಲ್ಲೂ ಕ್ರೆಡಿಟ್ ಯೂನಿಯನ್ನಿನ ಬೋರ್ಡು ಕಾಣುತ್ತದೆ. ಅಲ್ಲಿ ಒಬ್ಬರು ಪಡೆಯುವ ಸಾಲ ಅದೇ ಬೀದಿಯ ಇನ್ನೊಬ್ಬರ ಉಳಿತಾಯ. ದೊಡ್ಡ ಬ್ಯಾಂಕಿನಲ್ಲಿ ಈ ನಂಟು ಕಣ್ಣಿಗೆ ಕಾಣುವುದಿಲ್ಲ, ಆದರೆ ಇದೆ. ನಾವು ಬಿಟ್ಟುಹೋದ ಬಾಕಿಯನ್ನು ಬ್ಯಾಂಕು ನಷ್ಟದ ಲೆಕ್ಕಕ್ಕೆ ಬರೆದು, ಅದನ್ನು ಉಳಿದವರ ಬಡ್ಡಿಯಲ್ಲಿ ತುಂಬಿಸಿಕೊಳ್ಳುತ್ತದೆ. ಇಲ್ಲಿನ ಎಷ್ಟೋ ಕಾರ್ಡುಗಳ ವಾರ್ಷಿಕ ಬಡ್ಡಿ ಶೇ. 20 ದಾಟಿರುವುದಕ್ಕೆ ಇದೂ ಒಂದು ಕಾರಣ.

“ಬ್ಯಾಂಕುಗಳೇನು ಸಾಚಾವೇ?” ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2008ರ ಸೆಪ್ಟೆಂಬರ್ 30ರಂದು ಐರ್ಲೆಂಡ್ ಸರ್ಕಾರ ತನ್ನ ಬ್ಯಾಂಕುಗಳ ಸುಮಾರು 440 ಬಿಲಿಯನ್ ಯೂರೋ ಹೊಣೆಗೆ ಖಾತರಿ ನಿಂತಿತು. ಆಂಗ್ಲೋ ಐರಿಷ್‌ನಂಥ ಬ್ಯಾಂಕುಗಳು ಬಿಲ್ಡರುಗಳಿಗೆ ಲಂಗುಲಗಾಮಿಲ್ಲದೆ ಕೊಟ್ಟ ಸಾಲ ಮುಳುಗಿತ್ತು. ಅವನ್ನು ಎತ್ತಿ ನಿಲ್ಲಿಸಲು ಸುಮಾರು 64 ಬಿಲಿಯನ್ ಯೂರೋ ಸರ್ಕಾರಿ ಹಣ ಹೋಯಿತು. 2010ರ ನವೆಂಬರ್‌ನಲ್ಲಿ ದೇಶವೇ ಐರೋಪ್ಯ ಒಕ್ಕೂಟ ಮತ್ತು ಐಎಂಎಫ್ ಮುಂದೆ ಕೈಚಾಚಿತು. ಆಮೇಲೆ ಟ್ರ್ಯಾಕರ್ ಗೃಹಸಾಲದ ಹಗರಣ ಹೊರಬಿತ್ತು. 40 ಸಾವಿರಕ್ಕೂ ಹೆಚ್ಚು ಸಾಲಖಾತೆಗಳಲ್ಲಿ ಗ್ರಾಹಕರಿಗೆ ಸಲ್ಲಬೇಕಾದ ಬಡ್ಡಿದರವನ್ನು ಬ್ಯಾಂಕುಗಳು ತಪ್ಪಿಸಿದ್ದವು. ಕೆಲವರು ಮನೆಯನ್ನೇ ಕಳೆದುಕೊಂಡರು. ಇದರಲ್ಲಿ ಬ್ಯಾಂಕುಗಳನ್ನು ಸಮರ್ಥಿಸುವಂಥದ್ದು ಏನೂ ಇಲ್ಲ.

ಆದರೆ ಅದರ ಬೆಲೆ ತೆತ್ತವರು ಯಾರು? ಸಂಬಳ ಕಡಿತಗೊಂಡ ನರ್ಸುಗಳು, ಶಿಕ್ಷಕರು. ಕೆಲಸ ಹೋಗಿ ಆಸ್ಟ್ರೇಲಿಯಾಕ್ಕೂ ಕೆನಡಾಕ್ಕೂ ಹೊರಟುಹೋದ ಐರಿಷ್ ಹುಡುಗ ಹುಡುಗಿಯರು. ನಿಮ್ಮ ಪೇಸ್ಲಿಪ್ ತೆಗೆದು ನೋಡಿ: ತೆರಿಗೆಯ ಕೆಳಗೆ ಯುಎಸ್‌ಸಿ ಎಂದು ಒಂದು ಕಡಿತ ಇರುತ್ತದೆ. ಯೂನಿವರ್ಸಲ್ ಸೋಷಿಯಲ್ ಚಾರ್ಜ್ ಎಂಬ ಆ ತೆರಿಗೆ ಬಂದದ್ದು 2011ರಲ್ಲಿ, ಆ ಬಿಕ್ಕಟ್ಟಿನ ನಡುವೆ. ಆಗ ನಿಮ್ಮಲ್ಲಿ ಎಷ್ಟೋ ಜನ ಇನ್ನೂ ಕರ್ನಾಟಕದ ಶಾಲೆಗಳಲ್ಲಿದ್ದಿರಿ. ಯಾರೋ ಮಾಡಿ ಕೈಬಿಟ್ಟ ಸಾಲದ ಭಾರ ಹೊರಲು ಬಂದ ತೆರಿಗೆಯನ್ನು ಇಂದು ನೀವೂ ಕಟ್ಟುತ್ತಿದ್ದೀರಿ. ಕೈಬಿಟ್ಟ ಸಾಲ ಮಾಯವಾಗುವುದಿಲ್ಲ, ಬೇರೆಯವರ ಸಂಬಳಕ್ಕೆ ಬಂದು ಅಂಟಿಕೊಳ್ಳುತ್ತದೆ. ಇದನ್ನು ಕಂಡೂ ನಾವೇ ಇನ್ನೊಬ್ಬರ ಸಂಬಳಕ್ಕೆ ನಮ್ಮ ಬಾಕಿ ಅಂಟಿಸಿ ಹೋಗುವುದೇ?

2016ರ ಮಾರ್ಚ್‌ನಲ್ಲಿ ವಿಜಯ್ ಮಲ್ಯ ಭಾರತ ಬಿಟ್ಟು ಲಂಡನ್ನಿಗೆ ಹೋದಾಗ ಬ್ಯಾಂಕುಗಳು ಹೇಳಿದ ಬಾಕಿ 9,000 ಕೋಟಿ ರೂಪಾಯಿಗೂ ಹೆಚ್ಚು. ಬೆಂಗಳೂರಿನ ಬೀದಿಬೀದಿಯಲ್ಲಿ ಜನ ಸಿಟ್ಟಾದರು. ನಮ್ಮ ದುಡ್ಡು ಎಂದರು. ಆ ಸಿಟ್ಟು ನ್ಯಾಯವಾದದ್ದಾದರೆ, ಬ್ಯಾಂಕಿನ ದುಡ್ಡು ನಮ್ಮೆಲ್ಲರ ದುಡ್ಡು ಎಂಬ ಆ ದಿನದ ಮಾತು ನಿಜವಾದರೆ, ಡಬ್ಲಿನ್ನಿನಿಂದ ಬೆಂಗಳೂರಿಗೆ ಹಾರುವ ವಿಮಾನಕ್ಕೂ ಅದು ಅನ್ವಯಿಸುತ್ತದೆ. ಮೊತ್ತ ಸಣ್ಣದಿರಬಹುದು. ಮುರಿದ ಮಾತಿನ ಜಾತಿ ಒಂದೇ.

ಬಿಟ್ಟುಹೋದವರಿಗೆ ಏನೂ ಆಗುವುದಿಲ್ಲ ಎಂಬುದೂ ಪೂರ್ತಿ ನಿಜವಲ್ಲ. 2013ರ ಕಾಯ್ದೆಯಡಿ ಐರ್ಲೆಂಡಿನ ಸೆಂಟ್ರಲ್ ಬ್ಯಾಂಕ್ ನಡೆಸುವ ಸೆಂಟ್ರಲ್ ಕ್ರೆಡಿಟ್ ರಿಜಿಸ್ಟರ್ 2017ರ ಜೂನ್‌ನಿಂದ 500 ಯೂರೋ ಮತ್ತು ಅದಕ್ಕೂ ಮೇಲಿನ ಸಾಲಗಳ ಮಾಹಿತಿಯನ್ನು ಕೂಡಿಸುತ್ತಿದೆ. ಸಾಲ ಮುಗಿದ ಮೇಲೂ 5 ವರ್ಷ ಆ ದಾಖಲೆ ಇರುತ್ತದೆ. 2,000 ಯೂರೋ ಮೇಲಿನ ಸಾಲ ಕೇಳಿದರೆ ಅದನ್ನು ನೋಡದೆ ಯಾರೂ ಕೊಡುವಂತಿಲ್ಲ. ಊರಿಗೆ ಹೋದವರು ಮತ್ತೆ ಬರುವುದಿಲ್ಲ ಎಂದು ಹೇಳಲಾದೀತೇ? ಬೆಂಗಳೂರಿನ ಟ್ರಾಫಿಕ್ಕಿಗೆ ಬೇಸತ್ತು, ಮಕ್ಕಳ ಶಾಲೆ ನೆನೆದು, ಹೊಸ ವರ್ಕ್ ಪರ್ಮಿಟ್ ಹಿಡಿದು ಕಾರ್ಕಿಗೋ ಗಾಲ್ವೇಗೋ ಮರಳಿದವರು ನಮ್ಮ ನಡುವೆಯೇ ಇದ್ದಾರೆ. ಮನೆ ಕೊಳ್ಳಲು ಹೊರಟ ದಿನ ಹಳೆಯ ಕಾರ್ಡ್ ಎದುರು ನಿಲ್ಲುತ್ತದೆ.

ಅಷ್ಟರಲ್ಲಿ ಅದು ಬೆಳೆದೂ ಇರುತ್ತದೆ. ಶೇ. 22ರ ಬಡ್ಡಿಯಲ್ಲಿ 5,000 ಯೂರೋ ಬಾಕಿಗೆ ವರ್ಷಕ್ಕೆ ಸಾವಿರದಷ್ಟು ಯೂರೋ ಬರೀ ಬಡ್ಡಿ. ಕನಿಷ್ಠ ಮೊತ್ತವೆಂದು ಪ್ರತಿ ತಿಂಗಳು ಬಾಕಿಯ ಶೇ. 2.5ರಷ್ಟನ್ನೇ ಕಟ್ಟುತ್ತಾ ಹೋದರೆ ಏಳು ವರ್ಷದ ಮೇಲೂ ಸುಮಾರು ಅರ್ಧ ಸಾಲ ಹಾಗೇ ನಿಂತಿರುತ್ತದೆ. ಅದೇ ಸಾಲಕ್ಕೆ ತಿಂಗಳಿಗೆ 250 ಯೂರೋ ಕಟ್ಟಿದರೆ ಎರಡು ವರ್ಷ ಚಿಲ್ಲರೆಯಲ್ಲಿ ಋಣ ಮುಗಿಯುತ್ತದೆ. ಇದರ ಮೇಲೆ ಸರ್ಕಾರದ ಸ್ಟಾಂಪ್ ಡ್ಯೂಟಿ ಬೇರೆ: ಕಾರ್ಡ್ ಬಳಸದೆ ಡ್ರಾಯರಿನಲ್ಲಿಟ್ಟರೂ, ಖಾತೆ ಮುಚ್ಚದಿದ್ದರೆ ಪ್ರತಿ ಏಪ್ರಿಲ್‌ನಲ್ಲಿ 30 ಯೂರೋ ಏರುತ್ತದೆ.

ಇನ್ನೊಂದು ಪರಿಣಾಮ ಬ್ಯಾಂಕಿನ ಪುಸ್ತಕದಲ್ಲಿ ಬರುವುದಿಲ್ಲ. ನಮ್ಮವರ ಬಾಡಿಗೆ ಮನೆ ನಮ್ಮವರಿಗೇ ದಾಟುವುದು ಇಲ್ಲಿ ವಾಡಿಕೆ. ನೀವು ಬಿಟ್ಟ ಮನೆಗೆ ಶಿವಮೊಗ್ಗದಿಂದ ಆಗಷ್ಟೇ ಬಂದ ಗಂಡಹೆಂಡಿರು ಸೇರಿಕೊಳ್ಳುತ್ತಾರೆ. ಬಾಗಿಲ ಸಂದಿಯಿಂದ ಬಿಳಿ ಲಕೋಟೆ ಬೀಳುತ್ತದೆ, ತಿಂಗಳು ಬಿಟ್ಟು ಇನ್ನೊಂದು. ವಿಳಾಸ ಅವರದು, ಹೆಸರು ನಿಮ್ಮದು. ಇದು ನಮ್ಮ ತಲೆಗೆ ಬಂದೀತೇ, ನಮ್ಮ ಪರ್ಮಿಟ್ಟಿಗೆ ತೊಂದರೆಯೇ ಎಂದು ಆ ಹುಡುಗಿ ಹೆದರಿ ಕಂಡಕಂಡವರನ್ನು ಕೇಳುತ್ತಾಳೆ. ನಿಮ್ಮ ಸಾಲ ಅವಳ ಮೇಲೆ ಬರುವುದಿಲ್ಲ, ನಿಜ. ನಿಮ್ಮ ಹೆಸರಿನ ಬಗ್ಗೆ ಅವಳು ಕಟ್ಟಿಕೊಳ್ಳುವ ಅಭಿಪ್ರಾಯ ಮಾತ್ರ ಹಾಗೇ ಉಳಿಯುತ್ತದೆ.

ಈಗ ನಿಜವಾಗಿಯೂ ಕಟ್ಟಲಾಗದವರ ಕಡೆ ತಿರುಗುತ್ತೇನೆ. ಇದುವರೆಗಿನ ಕಟು ಮಾತು ನಿಮಗಲ್ಲ. 2022–23ರಲ್ಲಿ ಡಬ್ಲಿನ್ನಿನ ದೊಡ್ಡ ಟೆಕ್ ಕಂಪನಿಗಳು ನೂರಾರು ಜನರನ್ನು ಕೆಲಸದಿಂದ ತೆಗೆದಾಗ ಪರ್ಮಿಟ್, ಬಾಡಿಗೆ, ಮಗುವಿನ ಕ್ರೆಶ್ ಫೀಸು ಎಲ್ಲವೂ ಒಮ್ಮೆಲೇ ಎದೆಯ ಮೇಲೆ ಕೂತವರನ್ನು ನಾವು ಕಂಡಿದ್ದೇವೆ. ಅಮ್ಮ ಐಸಿಯುನಲ್ಲಿದ್ದಾಳೆ ಎಂಬ ಫೋನು ಬಂದ ರಾತ್ರಿ ಕಾರ್ಡಿನಲ್ಲಿ ಟಿಕೆಟ್ ತೆಗೆದವರಿದ್ದಾರೆ. ಇದು ಅಪರಾಧವಲ್ಲ, ಕಷ್ಟ. ಕಟ್ಟಲಾಗದವರಿಗೂ ಕಟ್ಟಲೊಲ್ಲದವರಿಗೂ ನಡುವೆ ಗೆರೆ ಎಳೆಯಲು ಈ ದೇಶ ಬಹಳ ಶ್ರಮಪಟ್ಟಿದೆ. ಸಾಲ ತೀರಿಸಲಾಗದ ಒಬ್ಬ ತಾಯಿಯನ್ನು ಜೈಲಿಗೆ ಕಳಿಸುವ ಆದೇಶವಾದಾಗ, 2009ರ ಜೂನ್‌ನಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಮೇರಿ ಲಾಫಾಯ್, ಆ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟರು. ಮೊನಗನ್‌ನ ಆ ಪ್ರಕರಣದ ಬೆನ್ನಿಗೇ ಕಾನೂನು ಬದಲಾಯಿತು.

1992ರಿಂದ ಮ್ಯಾಬ್ಸ್ ಎಂಬ ಸರ್ಕಾರಿ ನೆರವಿನ ಸಲಹಾ ಸೇವೆ ಇದೆ. ಒಂದು ಪೈಸೆ ಶುಲ್ಕವಿಲ್ಲ. ಅಲ್ಲಿನವರು ನಿಮ್ಮ ಜೊತೆ ಕೂತು ಬಾಡಿಗೆ, ದಿನಸಿ, ಮಕ್ಕಳ ಖರ್ಚು ಎಲ್ಲವನ್ನೂ ಬರೆದು, ಉಳಿಯುವುದೆಷ್ಟು ಎಂದು ನೋಡಿ, ತಿಂಗಳಿಗೆ ಇಷ್ಟು ಕಟ್ಟಬಲ್ಲರು ಎಂದು ಸಾಲ ಕೊಟ್ಟವರಿಗೆ ಪತ್ರ ಬರೆಯಲು ನೆರವಾಗುತ್ತಾರೆ. ಸಹಾಯವಾಣಿ 0818 07 2000. ಅದೂ ಸಾಲದಿದ್ದರೆ 2012ರ ವೈಯಕ್ತಿಕ ದಿವಾಳಿ ಕಾಯ್ದೆ ಇದೆ. ಆದಾಯ, ಆಸ್ತಿ ತೀರಾ ಕಡಿಮೆ ಇರುವವರ 35,000 ಯೂರೋವರೆಗಿನ ಸಾಲಕ್ಕೆ ಡೆಟ್ ರಿಲೀಫ್ ನೋಟಿಸ್ ಸಿಗುತ್ತದೆ. ಒಂದು ಕಾಲಕ್ಕೆ 12 ವರ್ಷವಿದ್ದ ದಿವಾಳಿತನದ ಅವಧಿ 2016ರಿಂದ 1 ವರ್ಷಕ್ಕೆ ಇಳಿದಿದೆ. ಕಾನೂನು ತೆರೆದಿಟ್ಟ ಈ ದಾರಿಯಲ್ಲಿ ಹೋಗುವುದು ಮಾತಿಗೆ ತಪ್ಪಿದಂತಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಆದಷ್ಟನ್ನು ಕೊಟ್ಟಂತೆ.

ನಮ್ಮ ನಾಡಿನ ಸ್ಥಿತಿ ನೆನೆಯಿರಿ. ಮೈಕ್ರೋಫೈನಾನ್ಸ್ ವಸೂಲಿಯವರ ಕಾಟ ತಾಳಲಾರದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರಿದ್ದಾರೆ, ಜೀವವನ್ನೇ ಬಿಟ್ಟವರಿದ್ದಾರೆ. 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಅವರನ್ನು ಮಾತನಾಡಿಸುವವರೇ ಇರಲಿಲ್ಲ. ನಿಮಗೆ ಇಲ್ಲಿ ಫೋನೆತ್ತಿದರೆ ಕೇಳಿಸಿಕೊಳ್ಳುವ ಒಂದು ವ್ಯವಸ್ಥೆಯಿದೆ. ಅದಿದ್ದೂ ಬಾಯಿ ಬಿಡದೆ ಓಡುವುದು ಬೇಡ. ಸಾಲಕ್ಕಾಗಿ ಜೀವಕ್ಕೆ ಕುತ್ತು ತಂದುಕೊಳ್ಳುವ ಯೋಚನೆಯಂತೂ ಬೇಡವೇ ಬೇಡ. ಯಾವ ಬಾಕಿಯೂ ನಿಮ್ಮ ಜೀವಕ್ಕಿಂತ ದೊಡ್ಡದಲ್ಲ.

ಹೊರಡಲು ಸಿದ್ಧರಾಗಿರುವವರೇ, ಟಿಕೆಟ್ ತೆಗೆಯುವ ಮೊದಲು ಬ್ಯಾಂಕಿಗೆ ಫೋನ್ ಮಾಡಿ. ಊರಿನ ವಿಳಾಸ ಕೊಡಿ. ಕಂತು ಗೊತ್ತುಮಾಡಿಕೊಳ್ಳಿ, ಅದನ್ನು ಬರಹದಲ್ಲಿ ಪಡೆಯಿರಿ. ಮನೆಯ ಡೆಪಾಸಿಟ್ ವಾಪಸು ಬರುತ್ತದೆ, ಕಾರು ಮಾರಿದ ಹಣ ಬರುತ್ತದೆ, ವರ್ಷದ ನಡುವೆ ಹೊರಟರೆ ಹೆಚ್ಚು ಕಟ್ಟಿದ ತೆರಿಗೆಯೂ ಎಷ್ಟೋ ಸಲ ಮರಳಿ ಬರುತ್ತದೆ. ಚಿನ್ನಕ್ಕೂ ಐಫೋನಿಗೂ ಮೊದಲು ಆ ಹಣ ಕಾರ್ಡಿಗೆ ಹೋಗಲಿ.

ಆಗಲೇ ಹೋಗಿಬಿಟ್ಟವರೇ, ಹೊತ್ತು ಮೀರಿಲ್ಲ. ಇಂದು ಬೆಂಗಳೂರಿನ ಕಂಪನಿಯಲ್ಲಿ ಕೈತುಂಬ ಸಂಬಳ ಎಣಿಸುತ್ತಿದ್ದೀರಿ. ಭಾರತದಿಂದ ಹೊರದೇಶಕ್ಕೆ ಕಾನೂನುಬದ್ಧವಾಗಿ ಹಣ ಕಳಿಸಬಹುದು. ರಿಸರ್ವ್ ಬ್ಯಾಂಕಿನ ಯೋಜನೆಯಡಿ ವರ್ಷಕ್ಕೆ 2,50,000 ಡಾಲರ್‌ವರೆಗೆ ದಾರಿಯಿದೆ. ಹಳೆಯ ಬ್ಯಾಂಕಿಗೆ ಒಂದು ಇಮೇಲ್ ಬರೆಯಿರಿ: ನನ್ನ ಹೆಸರು ಇಂಥದ್ದು, ಇಷ್ಟು ಬಾಕಿಯಿದೆ, ಹೀಗೆ ತೀರಿಸುತ್ತೇನೆ. ಆರು ವರ್ಷ ಕಳೆದರೆ ಕೋರ್ಟು ಕೇಳದಿರಬಹುದು, ಆದರೂ ಪಡೆದದ್ದು ಪಡೆದದ್ದೇ.

ಸಲಹೆ ಕೊಡುವ ಹಿರಿಯರೇ, ಮುಂದಿನ ಸಲ ಯಾರಾದರೂ ಸಾಮಾನು ಕಟ್ಟುತ್ತಾ ನಿಮ್ಮನ್ನು ಕೇಳಿದರೆ “ಯಾರು ಕೇಳ್ತಾರೆ” ಎನ್ನಬೇಡಿ. “ಎಷ್ಟಿದೆ? ಬಾ, ಕೂತು ಲೆಕ್ಕ ಹಾಕೋಣ” ಎನ್ನಿ. ಕನ್ನಡ ಸಂಘಗಳವರೇ, ಯುಗಾದಿಗೂ ರಾಜ್ಯೋತ್ಸವಕ್ಕೂ ನಾವು ಸೇರುವಾಗ ಒಂದು ಗಂಟೆ ಹಣದ ಮಾತಿಗೆ ಇಡಿ. ಹೊಸದಾಗಿ ಬಂದ ಮಕ್ಕಳಿಗೆ ಕಾರ್ಡಿನ ಮಿತಿ ಸಂಬಳವಲ್ಲ ಎಂದು ಮೊದಲ ವಾರವೇ ತಿಳಿಸಿ. ಊರಿನಲ್ಲಿರುವ ಅಪ್ಪ ಅಮ್ಮಂದಿರೇ, ಮಗಳೋ ಮಗನೋ ಮರಳಿ ಬಂದಾಗ ಏನು ತಂದೆ ಎಂದು ಕೇಳುವ ಮೊದಲು, ಅಲ್ಲಿ ಏನಾದರೂ ಬಾಕಿ ಉಳಿಸಿ ಬಂದೆಯಾ ಎಂದು ಒಂದು ಮಾತು ಕೇಳಿ. ಗದರಬೇಡಿ. ಬಾಯಿ ಬಿಟ್ಟು ಹೇಳಿದರೆ ಬೆನ್ನಿಗೆ ನಿಲ್ಲಿ.

ಈ ವಾರವೇ ಆ ಸ್ಟೇಟ್‌ಮೆಂಟ್ ತೆರೆಯಿರಿ. ಕಟ್ಟಬಲ್ಲವರು ಕಟ್ಟಲು ಶುರುಮಾಡಿ. ಕಟ್ಟಲಾಗದವರು ಹೇಳಲು ಶುರುಮಾಡಿ. ಮಾತು ಕೊಟ್ಟವರು ನಾವು. ಯಾರೂ ಕೇಳದಿದ್ದರೂ ಉಳಿಸಿಕೊಳ್ಳಬೇಕಾದವರೂ ನಾವೇ.